ಡಬ್ಬಿಯೊಳಗಿನ ಭಂಡಾರ

ವಿಡಿಯೊ ಗೇಮ್ ಡಬ್ಬಿಯ ಮುಚ್ಚಳ ತೆಗೆದ ನೀತಾಳ ಬೆರಳು ಹಳದಿಯಾಯಿತು. ಧೂಳೆಂದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಜೇಜುರಿಯ ಭಂಡಾರ, ದೇವರ ಪ್ರಸಾದದ ಅರಿಸಿನ ಪುಡಿ. ಹಾರ್ಡ್ ಡಿಸ್ಕ್ ಕೂರುವ ಸಂದಿನ ತುಂಬ ಅದೇ ಉದುರಿತ್ತು.

ಮಗ ಕೇದಾರ ಶಿವಾಜಿನಗರದ ಆಸ್ಪತ್ರೆಯಲ್ಲಿದ್ದ. ನಾಳೆ ಬೆಳಿಗ್ಗೆ ಅವನ ಹೃದಯದ ಆಪರೇಷನ್. "ಹಳೇ ಡಿಸ್ಕ್ ತುಂಬೇದ ಅಮ್ಮಾ, ದೊಡ್ಡದು ಹಾಕಿ ಹೊಸ ಗೇಮ್ ತುಂಬಿಸಿಡು. ನಾ ಬಂದ ಕೂಡ್ಲೆ ಆಡ್ತೀನಿ" ಎಂದಿದ್ದ. ಬಂದ ಕೂಡಲೇ ಎಂಬ ಆ ಮಾತನ್ನೇ ಹಿಡಿದುಕೊಂಡು ಅವಳು ಸ್ಕ್ರೂ ಬಿಚ್ಚಲು ಕುಳಿತಿದ್ದಳು.

"ಅತ್ತಿ, ಇದರಾಗ ಭಂಡಾರ ಯಾರು ಹಾಕ್ಯಾರ್ರಿ?"

ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವ ಸೆರಗು ಹೊದ್ದುಕೊಂಡರು. ಈ ಡಬ್ಬಿಯನ್ನು ದಿನಾ ಶಪಿಸುತ್ತಿದ್ದವರು ಅವರೇ. ಮೊಮ್ಮಗನನ್ನು ಆಸ್ಪತ್ರೆಗೆ ಸೇರಿಸಿದ ದಿನವೂ ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ. ಭಯವೆಲ್ಲ ತನಗೊಬ್ಬಳಿಗೇ ಎಂದು ನೀತಾ ಒಳಗೊಳಗೇ ನೊಂದಿದ್ದಳು.

"ನಾನ ಹಾಕೀನಿ. ಅವನ ಹಣಿಗೆ ಹಚ್ಚಿದ್ರ ಆ ನರ್ಸು ಒರಸಿಬಿಟ್ಲು. ಇಲ್ಲಿ ಯಾರೂ ಒರಸೂದಿಲ್ಲಂತ ಮ್ಯಾಲಿನ ತೂತಿನಾಗ ಸುರುವಿದೆ. ಅವನ ಜೀವೆಲ್ಲಾ ಇದರಾಗ ಇರ್ತದಲ್ಲವಾ..." ಅವರು ಬಗ್ಗಿ ಡಬ್ಬಿಯೊಳಗೆ ಇಣುಕಿದರು. "ಕೆಟ್ಟು ಹೋತೇನ?"

ನೀತಾ ಡಬ್ಬಿಯನ್ನು ಮಗ್ಗುಲಿಗೆ ವಾಲಿಸಿದಳು. ಒಣ ಕುಂಚದಿಂದ ಸಂದನ್ನೆಲ್ಲ ಗುಡಿಸಿ, ಉದುರಿದ ಭಂಡಾರವನ್ನು ಚೆಲ್ಲದಂತೆ ಅಂಗೈಯಲ್ಲಿ ಹಿಡಿದಳು. ಆಮೇಲೆ ಆ ಕೈಯನ್ನೂ ಹೊಸ ಡಿಸ್ಕನ್ನೂ ಅತ್ತೆಯ ಮುಂದೆ ಒಡ್ಡಿದಳು.

"ಇಲ್ರಿ, ಕೆಟ್ಟಿಲ್ಲ. ಇದಕ್ಕೂ ಹಚ್ರಿ, ಅತ್ತಿ. ಡಿಸ್ಕಿನ ಬೆನ್ನಿಗಷ್ಟ."