ಕಾಯಿ ಕಟ್ಟಿದ ವರ್ಷ

ಕಾಡು ಆಲೂಗಡ್ಡೆಗೆ ಅಂಗಮಾರಿ ರೋಗ ತಟ್ಟುವುದಿಲ್ಲ. ಆ ಗಟ್ಟಿತನ ಹೊಲದ ಆಲೂಗಡ್ಡೆಗೂ ಬರಲೆಂದು ಪ್ರಮೀಳಾ ವರ್ಷಗಟ್ಟಲೆ ಕಾಡುಗಿಡದ ಪರಾಗವನ್ನು ಹೊಲದ ಗಿಡದ ಹೂವಿಗೆ ಸವರಿ, ಮೇಲೆ ಕಾಗದದ ಚೀಲ ಕಟ್ಟುತ್ತಿದ್ದಳು. ಪ್ರತಿ ಸಲವೂ ಹೂ ಉದುರಿಹೋಗುತ್ತಿತ್ತು. ಹೋದ ವರ್ಷ ಕೊನೆಗೂ ಕಾಯಿ ಕಟ್ಟಿದಾಗ ಸಂಶೋಧನಾ ಕೇಂದ್ರಕ್ಕೆಲ್ಲ ಮೈಸೂರುಪಾಕು ಹಂಚಿದ್ದಳು. ಆ ಬೀಜದ ಸಸಿಗಳಿಗೆ ಈಗ ರೋಗ ತಗುಲಿಸಿ ನೋಡಿದರೆ, ಒಂದೂ ಬಿಡದೆ ಎಲ್ಲವೂ ಕಪ್ಪಾಗಿ ಮಲಗಿದ್ದವು.

ಜೊತೆಯಲ್ಲೇ ಕೆಲಸ ಮಾಡುವ ಗಂಡ ತಲೆ ತಗ್ಗಿಸಿದ.

"ನಾನೇ ಕಣೇ. ಚೀಲ ಬಿಚ್ಚಿ ಹೊಲದ ಗಿಡದ ಪರಾಗಾನೇ ಹಚ್ಚಿಬಿಟ್ಟೆ. ನೀನು ಊಟ ನಿದ್ದೆ ಬಿಟ್ಟು ಕೂತಿದ್ದೆ, ನೋಡೋಕಾಗ್ಲಿಲ್ಲ."

"ಬೇರೆ ಯಾರೇ ಮಾಡಿದ್ರೂ ತಡ್ಕೋತಿದ್ದೆ. ನೀವು ಮಾಡಿದ್ರಲ್ಲ!" ಅವಳು ಸತ್ತ ಸಸಿಗಳ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಎಲ್ಲಾ ಹೂವಿಗೂ ಹಚ್ಚಿದ್ರಾ?"

"ಒಂದನ್ನ ಬಿಟ್ಟೆ. ಅದ್ರಲ್ಲಿ ಆಗ್ಲೇ ಪೀಚು ಕಾಯಿ ಕಟ್ಟಿತ್ತು."

"ಹಂಗಾದ್ರೆ ಅದೇ ನಿಜವಾದ ಮಿಶ್ರತಳಿ! ಎಲ್ರೀ ಆ ಕಾಯಿ?"

ಗಂಡ ಅವಳ ಮುಖ ನೋಡದೆ ಹೇಳಿದ.

"ನಾನು ಹಚ್ಚಿದ್ವೆಲ್ಲ ಗುಂಡುಗುಂಡಾಗಿ ಬಂದ್ವಲ್ಲ. ಇದೊಂದು ಬಡಕಲು ಅಂತ ನೀನೇ ಕಿತ್ತು ಎಸೆದೆ."