ಮುಂದಿನ ಗಾಜು

ಕಾರು ಹಳದಿಯಾಗುತ್ತಿತ್ತು. ಬೆಳ್ಳಪ್ಪ ಅಂಗಳದಲ್ಲಿ ನಿಂತು ಬಾನೆಟ್ಟಿನ ಮೇಲೆ ಬೆರಳಾಡಿಸಿದ. ಕೊಂಡಾಗ ಹಾಲಿನಂತಿದ್ದ ಬಿಳುಪು ಈಗ ಹಳೇ ಪಂಚೆಯ ಹಾಗೆ ಮಾಸಿತ್ತು. ಯಾರೋ ಅಗ್ಗದ ಬಣ್ಣ ಬಳಿದು ಇದನ್ನು ತನ್ನ ತಲೆಗೆ ಕಟ್ಟಿದ್ದಾರೆ. ಹೆಂಡತಿ ಜಲಜಮ್ಮನನ್ನು ಕರೆದು ತೋರಿಸಿದ. ಅವಳು ಕಾರನ್ನು ನೋಡಲಿಲ್ಲ, ಇವನ ಮುಖ ನೋಡಿದಳು. ದಿನೇಶನಿಗೆ ತೋರಿಸಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಮತ್ತೆ ಆ ಮೆಕ್ಯಾನಿಕ್ ದಿನೇಶ. ಈ ಮನೆಯಲ್ಲಿ ಈಗೀಗ ಎಲ್ಲ ಮಾತೂ ಅವನ ಹೆಸರಿನಲ್ಲೇ ಮುಗಿಯುತ್ತಿತ್ತು.

ರಿಪ್ಪನ್‌ಪೇಟೆಯಲ್ಲಿ ಜೆಸಿಬಿ, ಟಿಪ್ಪರ್ ಓಡಿಸಿ ಮೇಲೆ ಬಂದವನು ಬೆಳ್ಳಪ್ಪ. ಅರವತ್ತು ದಾಟಿದ ಮೇಲೆ ಮಂಗಳೂರಿನ ಸಾಹುಕಾರರೊಬ್ಬರಿಂದ ಹಳೇ ವಿದೇಶಿ ಸ್ಪೋರ್ಟ್ಸ್ ಕಾರು ತಂದಾಗ ಪೇಟೆಗೆ ಪೇಟೆಯೇ ನಕ್ಕಿತು. ನೆಲಕ್ಕಂಟಿದ ಆ ಕಾರು ಇಲ್ಲಿಯ ರಸ್ತೆ ಹಂಪು ಹತ್ತೀತೇ ಎಂದು ಬಸ್ ಸ್ಟ್ಯಾಂಡಿನಲ್ಲಿ ಚರ್ಚೆಯಾಯಿತು. ನಗುವವರು ನಗಲಿ. ಅದರಲ್ಲಿ ಎರಡೇ ಸೀಟು. ಒಂದು ತನಗೆ, ಇನ್ನೊಂದು ಜಲಜಮ್ಮನಿಗೆ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು, ಟಿಪ್ಪರಿನ ಕ್ಯಾಬಿನ್ನಿನಲ್ಲಿ ಮುದುಡಿ, ಜೀವನವಿಡೀ ತನ್ನ ಜೊತೆ ಬಂದವಳು. ಅವಳನ್ನು ರಾಣಿಯಂತೆ ಕೂರಿಸಿಕೊಂಡು ತೀರ್ಥಹಳ್ಳಿಯಲ್ಲಿರುವ ಮಗಳು ಸುಷ್ಮಾಳ ಮನೆಗೆ ಹೋಗಿ ಇಳಿಯಬೇಕು. ಇಷ್ಟೇ ಅವನ ಆಸೆ.

ಅವಳು ಕೂತದ್ದು ಒಂದೇ ಸಲ. ಅರ್ಧ ದಾರಿಯವರೆಗೆ ಹೋಗಿ ಬಂದರು. ಆಮೇಲೆ ಎಷ್ಟು ಕರೆದರೂ ತಲೆ ಸುತ್ತುತ್ತದೆ ಎನ್ನುತ್ತಾಳೆ. ಬಸ್ಸಿನಲ್ಲಿ ಸುತ್ತದ ತಲೆ ಇದರಲ್ಲಿ ಯಾಕೆ ಸುತ್ತಬೇಕು? ಬೆಳ್ಳಪ್ಪನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಮೊದಲ ರಿಪೇರಿಗಳಿಗೆ ಅವನು ಬೇಸರಪಟ್ಟಿರಲಿಲ್ಲ. ರಸ್ತೆಯ ಹಂಪಿಗೆ ತಾಗಿ ಕಾರಿನ ಹೊಟ್ಟೆ ತರಚಿತು. ಇಲಿ ವೈರು ಕಡಿಯಿತು. ಪೆಟ್ರೋಲ್ ಪಂಪು ಕೆಟ್ಟು ಬಿಡಿಭಾಗ ಮುಂಬೈಯಿಂದ ಬರಬೇಕಾಯಿತು. ಎಲ್ಲವನ್ನೂ ಸಾಗರದ ದಿನೇಶನೇ ಸರಿಮಾಡಿದ. ಬೆಳ್ಳಪ್ಪನ ಮೊದಲ ಟಿಲ್ಲರಿನಿಂದ ಹಿಡಿದು ಎಲ್ಲ ಗಾಡಿಗಳೂ ಅವನ ಕೈಯಲ್ಲೇ ಬೆಳೆದವು.

ಆದರೆ ಅವನ ಗ್ಯಾರೇಜಿಗೆ ಹೋಗಿ ಬಂದ ಮೇಲೆಯೇ ಹೊಸ ರೋಗಗಳು ಶುರುವಾದದ್ದು. ಮುಂದಿನ ಗಾಜಿನಲ್ಲಿ ಮಂಜು ಕೂತಿತು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ದೇವರ ಪಟ, ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು. ಗಾಜಿನ ಪದರದೊಳಗೂ ಬೂಷ್ಟು ಹೊಕ್ಕಿರಬೇಕೆಂದು ಬೆಳ್ಳಪ್ಪ ಸುಮ್ಮನಿದ್ದ. ಮಳೆ ಹೋಯಿತು, ದೀಪಾವಳಿ ಕಳೆಯಿತು, ಮಂಜು ಹೋಗಲಿಲ್ಲ. ಹೆಡ್‌ಲೈಟು ಬುಡ್ಡಿ ದೀಪದಂತಾಯಿತು. ದಿನೇಶ ಬಲ್ಬು ಬದಲಿಸಿದ, ಬೆಳಕು ಮಾತ್ರ ಹಾಗೇ ಇತ್ತು. ಎದುರು ಬರುವ ಲಾರಿಯ ದೀಪ ಆ ಗಾಜಿನಲ್ಲಿ ಬಳೆಬಳೆಯಾಗಿ ಹರಡುತ್ತಿತ್ತು. ಹಿಂದಕ್ಕೆ ತೆಗೆಯುವಾಗ ಕೂಗಬೇಕಾದ ಸೆನ್ಸರು ತಡವಾಗಿ ಕೂಗಿ, ಗೇಟಿನ ಕಂಬ ಬಂಪರಿಗೆ ಬಡಿಯಿತು.

ಅಸಲಿ ಸಾಮಾನು ಬಿಚ್ಚಿಕೊಂಡು ಡೂಪ್ಲಿಕೇಟು ಹಾಕಿದ್ದಾನೆ. ಬೇರೇನು?

ಒಂದು ಬೆಳಿಗ್ಗೆ ಹಿತ್ತಲಲ್ಲಿ ಜಲಜಮ್ಮ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳಿಸಿತು. "ನಾನು ಹೇಳಿದ್ರೆ ಹಾರಾಡ್ತಾರೆ ದಿನೇಶಾ. ನೀನೇ ಏನಾದ್ರೂ ಮಾಡು. ಇನ್ನೊಂದ್ಸಲ ಆ ಕಾರು ರೋಡಿಗೆ ಇಳೀಬಾರ್ದು."

ಬೆಳ್ಳಪ್ಪ ಬಾವಿಕಟ್ಟೆ ಹಿಡಿದು ನಿಂತ. ಮರುದಿನ ಕಾರಿನ ಕೀ ಕಾಣೆಯಾಯಿತು. ಹುಡುಕಿದಾಗ ಸಿಕ್ಕಿದ್ದು ಅಕ್ಕಿ ಡಬ್ಬಿಯಲ್ಲಿ. ಅದು ಅಲ್ಲಿಗೆ ಹೇಗೆ ಬಂತೋ ಎಂದು ಜಲಜಮ್ಮ ಅಕ್ಕಿ ಕೇರುತ್ತಲೇ ಹೇಳಿದಳು, ತಲೆ ಎತ್ತಲಿಲ್ಲ. ಮಂಗಳೂರಿನವನು ಮೋಸ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಇವರಿಬ್ಬರೂ ಸೇರಿಕೊಂಡರಲ್ಲ!

ಅವತ್ತೇ ಸಾಗರಕ್ಕೆ ಕಾರು ಒಯ್ದ. ಗಾಜು ಹೊಸದು ಹಾಕಬೇಕು, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟು ಎಂದ. ದಿನೇಶ ಸಿಟ್ಟಾಗಲಿಲ್ಲ. ಅದೇ ಬೆಳ್ಳಪ್ಪನ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ತಪ್ಪಿಲ್ಲದವನು ಇಷ್ಟು ಮಾತಿಗೆ ಸುಮ್ಮನಿರುತ್ತಾನೆಯೇ?

"ಬರೋ ವಾರ ಬನ್ನಿ ಬೆಳ್ಳಪ್ಪಣ್ಣ," ಎಂದ ದಿನೇಶ. "ಕಾರು ಇಲ್ಲೇ ಇರ್ಲಿ. ಅಕ್ಕನ್ನೂ ಕರ್ಕಂಡು ಬನ್ನಿ."

ಅಕ್ಕ ಯಾಕೆ ಎಂದು ಬೆಳ್ಳಪ್ಪ ಕೇಳಲಿಲ್ಲ. ಇಬ್ಬರನ್ನೂ ಎದುರೆದುರು ನಿಲ್ಲಿಸಿ ಬಾಯಿ ಬಿಡಿಸಲು ಅವನಿಗೂ ಅದೇ ಬೇಕಿತ್ತು.

ಹೇಳಿದ ದಿನ ಇಬ್ಬರೂ ಬಸ್ಸಿಳಿದು ಗ್ಯಾರೇಜಿಗೆ ಬಂದರು. ಮಟಮಟ ಮಧ್ಯಾಹ್ನ. ಶೆಡ್ಡಿನ ನೆರಳಲ್ಲಿ ಕಾರು ಹೊರಮುಖವಾಗಿ ನಿಂತಿತ್ತು. ದಿನೇಶ ಬಾಗಿಲು ತೆರೆದು ಹಿಡಿದ. ಬೆಳ್ಳಪ್ಪ ಒಳಗೆ ಇಳಿದು ಕೂತು ಮುಂದೆ ನೋಡಿದ. ಹೊರಗೆ ಸುಡುಬಿಸಿಲು, ರಸ್ತೆಯಾಚೆ ಹಲಸಿನ ಮರ. ಅದರ ಮೇಲೆ ಅದೇ ಮಂಜು. ಒಂದಿಷ್ಟೂ ಕಮ್ಮಿಯಿಲ್ಲ.

"ಇದು ಹಳೇ ಗಾಜು," ಎಂದ ಬೆಳ್ಳಪ್ಪ. "ಇಷ್ಟು ವರ್ಷ ನನ್ನ ಮನೇಲಿ ಉಂಡಿದೀಯ. ನಂಗೇ ಕಿವಿಗೆ ಹೂ ಇಡ್ತೀಯೇನೋ?"

"ಹಳೇದಲ್ಲ ಬೆಳ್ಳಪ್ಪಣ್ಣ."

"ಮತ್ತೆ ಈ ಮಂಜೆಂತದು?"

ದಿನೇಶ ಜಲಜಮ್ಮನ ಕಡೆ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಾರಿನ ಮುಂದಿನ ಚಕ್ರದ ಪಕ್ಕಕ್ಕೆ ಬಂದು ನಿಂತಳು.

"ಒರೆಸಿ ನೋಡಿ," ಎಂದಳು.

ಬೆಳ್ಳಪ್ಪ ಹೆಗಲ ಟವೆಲನ್ನು ಮುದ್ದೆ ಮಾಡಿ, ಮುಂದಕ್ಕೆ ಬಾಗಿ, ಸಿಟ್ಟಿನಿಂದ ಕೈ ಚಾಚಿದ.

ಕೈ ಯಾವ ಗಾಜಿಗೂ ತಾಗದೆ ಬರಿಯ ಚೌಕಟ್ಟನ್ನು ದಾಟಿ ಹೊರಗೆ ಹೋಯಿತು. ಮಂಜು ಮಾತ್ರ ಅವನ ಕಣ್ಣಲ್ಲಿ ಹಾಗೇ ಇತ್ತು. ಅಲ್ಲಿ ನಿಂತಿದ್ದ ಜಲಜಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.