ಥೀಮ್ ಪಾರ್ಕಿಗೆ ಇನ್ನೊಂದು ಸಲ

ಭಾನುವಾರ ಚಹಾ ಮುಗಿದ ಮೇಲೆ ವಿನೋಬನಗರದ ಆ ಮನೆಯಲ್ಲಿ ಮೊದಲು ವಾದ ನಡೆಯಿತು, ಆಮೇಲೆ ಅಳತೆ. ಈ ರಜೆಯಲ್ಲೂ ಥೀಮ್ ಪಾರ್ಕಿಗೇ ಹೋಗಬೇಕೆಂದು ಮಗಳು ಹುಮಾ ಹಠ ಹಿಡಿದಿದ್ದಳು.

“ನೋಡಿದ್ದನ್ನೇ ಏನ್ ನೋಡೋದು? ಹರಿಹರದ ಹೊಳಿಗೆ ಹೋಗಾಣ,” ಎಂದ ನಯೀಮ್.

“ರೋಲರ್ ಕೋಸ್ಟರ್ ಎಲ್ಲಿ ಹತ್ತಿದ್ವಿ ಅಬ್ಬಾ? ಹೋದ ವರ್ಷ ನಾ ಗಿಡ್ಡ ಅಂತ ಬಿಡ್ಲಿಲ್ಲ, ನನ್ ಜೊತಿಗೆ ನೀವೂ ಹೊರಗೇ ಕೂತ್ರಿ. ಈಗ ಎತ್ತರ ಆಗಿದೀನಿ, ಇಬ್ರೂ ಹತ್ತಾಣ!”

ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದ ಗುಲ್ನಾಜ್, ಎತ್ತರ ಸಾಕೆಂದು ಹೇಳಿ ಗಂಡನತ್ತ ತಿರುಗಿದಳು. ಅವನು ಕುರ್ಚಿಯ ಎರಡೂ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

“ನಿನ್ ಜೊತಿಗೆ ನಾ ಹತ್ತೀನಿ ಬೇಟಾ. ಅಬ್ಬಾ ಬ್ಯಾಗ್ ಕಾಯ್ಲಿ,” ಎಂದಳು.

“ಹಂಗಾದ್ರೆ ಹೋಗಾಣ ಬಿಡು,” ಎಂದು ನಯೀಮ್ ಕೈ ಸಡಿಲಿಸಿದ. ಗುಲ್ನಾಜಳಿಗೆ ಖಚಿತವಾಯಿತು: ಅವನ ತಕರಾರಿಗೆ ರೋಲರ್ ಕೋಸ್ಟರಿನ ಭಯವೊಂದೇ ಕಾರಣವಾಗಿತ್ತು.